ಹಳೇ ಷರಟಿನಲ್ಲಿ ಮಗುವಿಗೆ ಫ್ರಾಕು: ಹೊಲಿಗೆ ಬಿಚ್ಚಬೇಕಾ, ಕತ್ತರಿಸಿಬಿಡಬೇಕಾ?

#1 ಚಿಂದಿಚೂರು

ದೊಡ್ಡವರ ಉದ್ದ ತೋಳಿನ ಹತ್ತಿ ಷರಟು ಒಂದಿದೆ. 40ರ ಸೈಜು, ಸಣ್ಣ ಪಟ್ಟೆ. ಕಾಲರ್ ಮಡಿಕೆಯಲ್ಲಿ ಸವೆದು ನೂಲು ಬಿಟ್ಟಿದೆ, ಉಳಿದದ್ದು ನೋಡೋಕೆ ಚೆನ್ನಾಗೇ ಇದೆ. ಇದರಲ್ಲಿ 4 ವರ್ಷದ ಮಗುವಿಗೆ ಸೊಂಟದಲ್ಲಿ ನೆರಿಗೆ ಇರೋ ಫ್ರಾಕು ಆಗಬೇಕು. ಅಳತೆ: ಎದೆಸುತ್ತು 23 ಇಂಚು, ಭುಜದಿಂದ ಸೊಂಟಕ್ಕೆ ಒಂಬತ್ತೂವರೆ, ಸೊಂಟದಿಂದ ಮೊಣಕಾಲಿಗೆ ಹನ್ನೆರಡೂವರೆ.

ಷರಟಿನ ಹೊಲಿಗೆ ಎಲ್ಲ ಬಿಚ್ಚಿ ಬಟ್ಟೆ ಬಿಡಿಸಿಕೊಳ್ಳಬೇಕಾ, ಇಲ್ಲ ಹೊಲಿಗೆ ಪಕ್ಕದಲ್ಲೇ ಕತ್ತರಿಸಿ ತೆಗೆದರೆ ಸಾಕಾ? ಇರೋ ಗುಂಡಿಪಟ್ಟಿಯನ್ನೇ ಫ್ರಾಕಿನ ಬೆನ್ನಿಗೆ ತಂದುಕೊಳ್ಳಬಹುದಾ? ಮತ್ತೆ ಮುಖ್ಯವಾದ್ದು: ಹೀಗೇ ಹೊಲಿದ ಹಿಂದಿನ ಫ್ರಾಕು ಐದಾರು ಒಗೆತಕ್ಕೇ ಕಂಕುಳಲ್ಲಿ ಸೀಳಿತು. ದಾರ ಗಟ್ಟಿಯಾಗೇ ಇತ್ತು, ಹೊಲಿಗೆಯ ಪಕ್ಕದಲ್ಲಿ ಬಟ್ಟೆ ಹರಿದಿತ್ತು. ಯಾಕೆ?

#2 ನೂಲೆಳೆ

ಮೂರನೇ ಪ್ರಶ್ನೆಯೇ ಮೊದಲು. ಹಳೇ ಬಟ್ಟೆ ಎಲ್ಲ ಕಡೆ ಒಂದೇ ಸಮ ಸವೆದಿರಲ್ಲ. ಷರಟನ್ನ ಒಗೆದು, ಇಸ್ತ್ರಿ ಮಾಡಿ, ಹಗಲು ಹೊತ್ತು ಕಿಟಕಿಗೆ ಅಡ್ಡವಾಗಿ ಹಿಡಿದು ನೋಡಿ. ಒಂದೇ ಪದರ ಇರೋ ಹಾಗೆ ಒಳಗೆ ಕೈ ತೂರಿಸಿ. ಬೆಳಕು ಜಾಸ್ತಿ ಬರೋ ಕಡೆ ನೂಲು ಸವೆದಿದೆ ಅಂತ ಅರ್ಥ. ಸಾಮಾನ್ಯವಾಗಿ ಮೊಣಕೈ, ಕಂಕುಳ, ಕಾಲರಿನ ಬುಡ, ಕೈಪಟ್ಟಿಯ ಅಂಚು. ಅಲ್ಲೆಲ್ಲ ಸೋಪಿನ ಚೂರಲ್ಲಿ ಗೀಟು ಎಳೆದು ಬಿಟ್ಟುಬಿಡಿ.

ಆಮೇಲೆ ಹೆಬ್ಬೆರಳಿನ ಪರೀಕ್ಷೆ. ಎರಡು ಹೆಬ್ಬೆರಳನ್ನೂ ಒಂದು ಇಂಚು ಅಂತರದಲ್ಲಿ ಬಟ್ಟೆ ಮೇಲಿಟ್ಟು ಬಿಗಿಯಾಗಿ ಎಳೀರಿ, ಒಂದ್ಸಲ ಹಾಸಿನ (ಉದ್ದ ಎಳೆಯ) ಕಡೆಗೆ, ಒಂದ್ಸಲ ಹೊಕ್ಕಿನ (ಅಡ್ಡ ಎಳೆಯ) ಕಡೆಗೆ. ಪರ್ ಅಂತ ಸದ್ದು ಬಂದರೆ ಅಥವಾ ಎಳೆಗಳು ಸರಿದು ಜಾಳಾಗಿ ವಾಪಸ್ ಬರದೇ ಇದ್ದರೆ ಆ ಜಾಗ ಯಾವ ಹೊಲಿಗೆಯನ್ನೂ ತಡೆಯಲ್ಲ. ಕಣ್ಣಿಗೆ ಚೆನ್ನಾಗಿ ಕಾಣೋದಕ್ಕೂ ಬಟ್ಟೆಯಲ್ಲಿ ಜೀವ ಇರೋದಕ್ಕೂ ಸಂಬಂಧ ಇಲ್ಲ.

#3 ಕತ್ತರಿಟೇಪು

ಬಿಚ್ಚಬೇಡಿ. ಷರಟಿನ ಪಕ್ಕದ ಹೊಲಿಗೆ, ತೋಳಿನ ಹೊಲಿಗೆ ಎರಡೂ ಅಂಚು ಒಳಗೆ ಮಡಿಸಿ ಎರಡು ಸಾಲು ಹೊಡೆದಿರೋದು. ಬಿಚ್ಚಿದರೆ ಸಿಗೋದು ಹೆಚ್ಚೆಂದರೆ ಅರ್ಧ ಇಂಚು, ಅದರಲ್ಲೂ ಎರಡು ಸಾಲು ಸೂಜಿತೂತು. ಒಂದು ಗಂಟೆ ಕೆಲಸಕ್ಕೆ ತೂತು ಬಿದ್ದ ಅರ್ಧ ಇಂಚು ಬಟ್ಟೆ.

ನಿಮ್ಮ ಅಳತೆಗೆ ಹೀಗೆ ಮಾಡಿ. 40ರ ಷರಟು ಎದೆಯ ಹತ್ತಿರ ಸುಮಾರು 44 ಇಂಚು ಸುತ್ತು ಇರುತ್ತೆ. ಕಂಕುಳ ಕೆಳಗೆ ಅಡ್ಡ ಕತ್ತರಿಸಿದರೆ ಒಂದು ಕೊಳವೆ ಸಿಗುತ್ತೆ, ಅದೇ ಫ್ರಾಕಿನ ಕೆಳಭಾಗ. ಪಕ್ಕದ ಹೊಲಿಗೆ ಹಾಗೇ ಇರಲಿ. ಮಗುವಿನ ಎದೆ 23, ಸಡಿಲಕ್ಕೆ 3 ಸೇರಿಸಿ 26. 44 ಇಂಚನ್ನ 26ಕ್ಕೆ ನೆರಿಗೆ ಹಿಡಿದರೆ ಒಂದಕ್ಕೆ ಸುಮಾರು ಒಂದೂ ಮುಕ್ಕಾಲು. ತೆಳು ಹತ್ತಿಗೆ ಸರಿಯಾದ ನೆರಿಗೆ. ಗುಂಡಿಪಟ್ಟಿ ಬೆನ್ನಿನ ಕಡೆ ಬರೋ ಹಾಗೆ ತಿರುಗಿಸಿಕೊಳ್ಳಿ. ಮೇಲ್ಭಾಗದ ಮುಂದಿನ ತುಂಡನ್ನ ಷರಟಿನ ಬೆನ್ನಿನ ಮೇಲ್ಭಾಗದಲ್ಲಿ ತೆಗೀರಿ, ಯೋಕಿನ (ಭುಜದ ಮೇಲೆ ಅಡ್ಡ ಬರೋ ಪಟ್ಟಿ) ಕೆಳಗೆ ಬೇಕಾದಷ್ಟು ಬಟ್ಟೆ ಇರುತ್ತೆ.

#4 ಯೋಕ್‌ಪಟ್ಟಿ

ಕತ್ತರಿಟೇಪು ಅವರೇ, ಕೊನೇ ಲೆಕ್ಕ ಕೂಡಿಬರಲ್ಲ. ಷರಟಿನ ಕೆಳಅಂಚು ಪಕ್ಕದಲ್ಲಿ ಮೇಲಕ್ಕೆ ಬಾಗಿರುತ್ತೆ. ಕಂಕುಳಿಂದ ಪಕ್ಕದಲ್ಲಿ ಅಳೆದರೆ ಹದಿನಾರೂವರೆ ಆಸುಪಾಸು ಮಾತ್ರ. ಅಂಚು ನೇರ ಮಾಡಿ, ಕೆಳಭಾಗಕ್ಕೆ ಹನ್ನೆರಡೂವರೆ, ಮೇಲೆ ಹೊಲಿಗೆಗೆ ಅರ್ಧ, ಕೆಳಮಡಿಕೆಗೆ ಒಂದೂವರೆ, ಒಟ್ಟು ಹದಿನಾಲ್ಕೂವರೆ ಹೋಗುತ್ತೆ. ಕಂಕುಳ ಗೆರೆ ಕೆಳಗೆ ಉಳಿಯೋದು 2 ಇಂಚು. ಅಲ್ಲಿಂದ ಯೋಕಿನ ಹೊಲಿಗೆವರೆಗೆ ಸುಮಾರು 6. ಒಟ್ಟು 8. ಮೇಲ್ಭಾಗಕ್ಕೆ ಬೇಕಾದ್ದು ಒಂಬತ್ತೂವರೆ, ಜೊತೆಗೆ ಮೇಲೆ ಕೆಳಗೆ ಹೊಲಿಗೆಗೆ 1, ಅಂದರೆ ಹತ್ತೂವರೆ. ಎರಡೂವರೆ ಇಂಚು ಸಾಲಲ್ಲ.

ದಾರಿ ಎರಡು. ಒಂದು, ಯೋಕನ್ನ ಬಿಡಿಸದೇ ಅದರ ಸಮೇತ ಕತ್ತರಿಸೋದು. ಯೋಕಿನ ಹೊಲಿಗೆ ಮಗುವಿನ ಎದೆ ಮೇಲೆ ಅಡ್ಡಗೆರೆಯಾಗಿ ಬರುತ್ತೆ, ಬೇಕಂತಲೇ ಮಾಡಿದ ಹಾಗೆ ಚೆಂದ ಕಾಣುತ್ತೆ. ಯೋಕು ಎರಡು ಪದರ ಇರೋದರಿಂದ ಭುಜಕ್ಕೆ ಅಸ್ತರೂ ಬೇಡ. ಆದರೆ ಯೋಕಿನ ಎಳೆ ಅಡ್ಡ ಓಡಿರುತ್ತೆ, ಪಟ್ಟೆ ಅಲ್ಲಿ ಮಲಗಿರುತ್ತೆ, ಮಿಕ್ಕ ಕಡೆ ನಿಂತಿರುತ್ತೆ. ಬೇಡ ಅನ್ನೋರು ಎರಡನೇ ದಾರಿ ಹಿಡೀಬೇಕು: ಮೇಲ್ಭಾಗ ಪೂರ್ತಿ ತೋಳಲ್ಲಿ ತೆಗೆಯೋದು.

#5 ಕತ್ತರಿಟೇಪು

ಒಪ್ಪಿದೆ, ಬಾಗಿದ ಅಂಚನ್ನ ಲೆಕ್ಕಕ್ಕೆ ತಗೊಂಡಿರಲಿಲ್ಲ. ಹಾಗಾದರೆ ತೋಳೇ ಒಳ್ಳೇದು. ತೋಳಿನ ಹೊಲಿಗೆ ಉದ್ದಕ್ಕೆ ಕತ್ತರಿಸಿ ಬಿಡಿಸಿ ಹಾಸಿದರೆ ಮೇಲ್ಗಡೆ ಅಗಲ 17, 18 ಇಂಚು. ಮುಂದಿನ ತುಂಡಿಗೆ 13, ಎರಡು ಕಡೆ ಅರ್ಧರ್ಧ, 14 ಸಾಕು. ಬೆನ್ನಿನ ಎರಡು ತುಂಡಿಗೆ ತಲಾ ಆರೂವರೆ, ಪಕ್ಕಕ್ಕೆ ಅರ್ಧ, ಗುಂಡಿಪಟ್ಟಿಗೆ ಒಂದೂವರೆ, ಅಂದರೆ ಎಂಟೂವರೆ. ಎರಡೂ ಸೇರಿ 17. ಇನ್ನೊಂದು ತೋಳಲ್ಲಿ ಕೂರುತ್ತೆ, ಆದರೆ ಒಂಚೂರೂ ಹೆಚ್ಚಿಲ್ಲ. ಮೊದಲು ಕಾಗದದ ನಕ್ಷೆ ಇಟ್ಟು ನೋಡಿ, ಆಮೇಲೆ ಕತ್ತರಿ. ತೋಳು ಬಿಡಿಸಿ ಹಾಸಿದಾಗ ಕಂಕುಳ ಭಾಗ ಎರಡೂ ಅಂಚಿಗೆ ಹೋಗುತ್ತೆ, ನಡುವೆ ಸಿಗೋದು ಚೆನ್ನಾಗಿರೋ ಬಟ್ಟೆ. ಮೊಣಕೈ ಸುಮಾರು 12 ಇಂಚು ಕೆಳಗೆ, ಅದೂ ತಪ್ಪುತ್ತೆ.

ಎಳೆ ಮಾತ್ರ ತೋಳಿನ ನಡುಗೆರೆಗೆ ಸಮವಾಗಿ ಹಿಡೀರಿ. ತೋಳು ಕೆಳಗೆ ಕಿರಿದಾಗುತ್ತೆ ಅಂತ ಅಂಚಿಗೆ ಸಮವಾಗಿ ನಕ್ಷೆ ಇಟ್ಟರೆ ತುಂಡು ಓರೆಯಾಗಿ ಕತ್ತರಿಸಿದ ಹಾಗಾಗುತ್ತೆ, ನಾಲ್ಕು ಒಗೆತಕ್ಕೆ ಫ್ರಾಕು ಒಂದು ಕಡೆ ಜೋಲುತ್ತೆ.

#6 ಬಾಬಿನ್‌ಬುಟ್ಟಿ

ಬಿಚ್ಚಲೇಬೇಡಿ ಅನ್ನೋದನ್ನ ನಾನು ಒಪ್ಪಲ್ಲ. ಷರಟಿಗೆ ಸರಿ. ಪ್ಯಾಂಟು, ಕೋಟು, ಹೆಂಗಸರ ಕುರ್ತಾ ಇವಕ್ಕೆಲ್ಲ ಒಳಗೆ ಮುಕ್ಕಾಲರಿಂದ ಒಂದು ಇಂಚು ಮಾರ್ಜಿನ್ ಬಿಟ್ಟಿರ್ತಾರೆ. ಎರಡು ಕಡೆಯದ್ದು ಸೇರಿದರೆ ಮಗುವಿನ ಅಳತೆಗೆ ಅದು ದೊಡ್ಡ ಮೊತ್ತ. ಎರಡು ವರ್ಷದ ಮಗುವಿನ ಚಡ್ಡಿಯ ಅರ್ಧ ಅಗಲವೇ 7 ಇಂಚಿಗಿಂತ ಸ್ವಲ್ಪ ಹೆಚ್ಚು.

ಬಿಚ್ಚೋ ಕ್ರಮವೂ ಇದೆ. ಬ್ಲೇಡು ಹಾಕಿ ಎರಡು ಪದರ ಎಳೆದು ನಡುವೆ ಕೊಯ್ಯಬೇಡಿ, ಹಳೇ ಬಟ್ಟೆಯಲ್ಲಿ ದಾರಕ್ಕಿಂತ ಮೊದಲು ಬಟ್ಟೆ ಸೀಳುತ್ತೆ. ಒಂದು ಮೈಮೇಲೆ ನಾಲ್ಕೈದು ಹೊಲಿಗೆಗೆ ಒಂದರಂತೆ ದಾರ ಕತ್ತರಿಸುತ್ತಾ ಹೋಗಿ, ಆಮೇಲೆ ಬಟ್ಟೆ ತಿರುಗಿಸಿ ಇನ್ನೊಂದು ಮೈಯ ದಾರ ಎಳೀರಿ, ಉದ್ದಕ್ಕೆ ಬಂದುಬಿಡುತ್ತೆ. ಕೆಳಮೈಯಲ್ಲಿ ಸರಪಳಿಯ ಹಾಗೆ ಕಾಣೋ ಹೊಲಿಗೆ ಇದ್ದರೆ ಇನ್ನೂ ಸುಲಭ. ಅದು ಹೊಲಿಗೆ ಮುಗಿದ ತುದಿಯಿಂದ ಮಾತ್ರ ಬಿಚ್ಚಿಕೊಳ್ಳುತ್ತೆ. ಒಂದು ತುದಿಯಲ್ಲಿ ಎಳೆದಾಗ ಬರದಿದ್ದರೆ ಇನ್ನೊಂದು ತುದಿಗೆ ಹೋಗಿ.

ಬಿಚ್ಚಿದ ಮೇಲೆ ಚೂರುದಾರ ಒಂದೂ ಬಿಡದೆ ತೆಗೆದು, ಒದ್ದೆ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತಿ. ಅಂಚು ಅಲೆಅಲೆಯಾಗಿದ್ದರೆ ತೆಳು ಗಂಜಿ ಹಾಕಿ. ಗಂಜಿ ಹಾಕಿದ ಹಳೇ ಬಟ್ಟೆ ಕಾಗದದ ಹಾಗೆ ಕತ್ತರಿಗೆ ಸಿಗುತ್ತೆ.

#7 ಕತ್ತರಿಟೇಪು

ಪ್ಯಾಂಟು, ಕೋಟಿನ ಮಟ್ಟಿಗೆ ಸರಿ. ಆದರೆ ಆ ಮಾರ್ಜಿನ್ ಒಳಗಿದ್ದ ಬಟ್ಟೆ, ಬಿಸಿಲು ಕಂಡಿಲ್ಲ. ಬಿಚ್ಚಿ ಹಾಸಿದರೆ ಗಾಢ ಬಣ್ಣದ ಪಟ್ಟಿಯಾಗಿ ಎದ್ದು ಕಾಣುತ್ತೆ. ಅದನ್ನ ಮತ್ತೆ ಮಾರ್ಜಿನ್ನಿಗೇ ಬಿಡಬೇಕು, ಇಲ್ಲ ಪಟ್ಟಿ ಒಳಮೈಗೆ ಬಳಸಬೇಕು.

#8 ನೂಲೆಳೆ

ಕಂಕುಳ ಸೀಳೋ ವಿಚಾರ ಮುಗಿಸಿಬಿಡೋಣ. ಅಲ್ಲಿ ನಾಲ್ಕು ತಪ್ಪು ಒಟ್ಟಿಗೆ ಸೇರ್ತವೆ.

ಷರಟಿನ ಕಂಕುಳನ್ನೇ ಮಗುವಿನ ಕಂಕುಳಾಗಿ ಇಟ್ಟು ಕತ್ತರಿಸೋದು ಮೊದಲನೇದು. ಪಕ್ಕದ ಹೊಲಿಗೆ ಸಿದ್ಧ ಇದೆ ಅನ್ನೋ ಆಸೆಗೆ ಹೀಗೆ ಮಾಡ್ತೀವಿ. ಬೆವರು, ಉಜ್ಜಾಟ ಎರಡೂ ತಿಂದ ಬಟ್ಟೆ ಅದು. ಹಳದಿ ಕಲೆ, ಮುಟ್ಟಿದರೆ ಒರಟು ಇದ್ದರೆ ಬೆವರು ತಡೆಯೋಕೆ ಕಂಕುಳಿಗೆ ಹಚ್ಚೋ ದ್ರವ್ಯದ (ಆ್ಯಂಟಿಪರ್ಸ್ಪಿರೆಂಟ್) ಅಲ್ಯೂಮಿನಿಯಂ ಲವಣ ಕೂತಿದೆ ಅಂತ ತಿಳೀರಿ.

ಎರಡನೇದು ಹೊಲಿಗೆಯ ಉದ್ದ. ಗಟ್ಟಿಯಾಗಲಿ ಅಂತ ಒಂದೂವರೆ ಮಿ.ಮೀ. ಹೊಲಿಗೆ ಹಾಕಿದರೆ ಇಂಚಿಗೆ ಹದಿನೇಳು ತೂತು. ಅಂಚೆಚೀಟಿ ಹರಿಯೋ ಹಾಗೆ ಆ ಸಾಲಿನಲ್ಲೇ ಬಟ್ಟೆ ಹರಿಯುತ್ತೆ. ಎರಡೂವರೆ ಮಿ.ಮೀ. ಇಡಿ, ಇಂಚಿಗೆ ಹತ್ತು.

ಮೂರನೇದು ಸೂಜಿ. ತೆಳು ಷರಟಿಗೆ 14, 16 ನಂಬರು ದಪ್ಪ. 11 ಸಾಕು, ಹೊಸದು ಹಾಕಿ. ತುದಿ ಮೊಂಡಾದ ಸೂಜಿ ಎಳೆಗಳ ನಡುವೆ ಹೋಗದೆ ಎಳೆಯನ್ನೇ ಕತ್ತರಿಸುತ್ತೆ.

ನಾಲ್ಕನೇದು ದಾರ. ಬಟ್ಟೆಗಿಂತ ಗಟ್ಟಿ ದಾರ ಹಾಕಿದರೆ ಜಗ್ಗಿದಾಗ ಬಟ್ಟೆ ಸೋಲುತ್ತೆ. ಹಳೇ ಹತ್ತಿಗೆ ಹತ್ತಿ ದಾರ. ದಾರ ಕಿತ್ತರೆ ಹತ್ತು ನಿಮಿಷದಲ್ಲಿ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ತೇಪೆಯೇ ಗತಿ.

#9 ಕಾಜಾಗುಂಡಿ

ಮೊದಲ ಮೂರೂ ಸರಿ, ನಾಲ್ಕನೇದಕ್ಕೆ ನನ್ನ ತಕರಾರಿದೆ. ಮಕ್ಕಳ ಬಟ್ಟೆಗೆ ಹತ್ತಿ ದಾರ ಹಾಕಿದರೆ ಚಡ್ಡಿಯ ಸೀಟಿನ ಹೊಲಿಗೆ ವಾರಕ್ಕೊಂದ್ಸಲ ಬಿಡುತ್ತೆ. ಓಡ್ತಾರೆ, ಕೂರ್ತಾರೆ, ಹತ್ತುತಾರೆ. ತೆಳು ಪಾಲಿಯೆಸ್ಟರ್ ದಾರವೇ ಇರಲಿ, ಕಂಕುಳಕ್ಕೆ ಬಟ್ಟೆಯ ಕಡೆ ಬಲ ಕೊಡಿ. ಮಲ್ ಅನ್ನೋ ತೆಳು ಹತ್ತಿ ಬಟ್ಟೆಯದ್ದು ಮುಕ್ಕಾಲು ಇಂಚಿನ ಓರೆಪಟ್ಟಿ (ಎಳೆಗೆ ಓರೆಯಾಗಿ ತೆಗೆದ ಪಟ್ಟಿ) ಕತ್ತರಿಸಿ ಕಂಕುಳ ತಿರುವಿನ ಹೊಲಿಗೆಯಲ್ಲಿ ಸೇರಿಸಿ ಹೊಲಿದರೆ ಎಳೆತ ಅದರ ಮೇಲೆ ಬೀಳುತ್ತೆ. ಜೊತೆಗೆ ತೋಳುಸುತ್ತು ಬಿಗಿ ಇಟ್ಟಿರ್ತಾರೆ ಜನ. ಕಂಕುಳಿಂದ ಒಂದು ಇಂಚು ಕೆಳಗೆ ಬರಬೇಕು ತಿರುವು. ಮಗು ಕೈ ಎತ್ತಿದಾಗ ಫ್ರಾಕು ಪೂರ್ತಿ ಮೇಲಕ್ಕೆ ಎದ್ದರೆ ತಿರುವು ಸರಿ ಇಲ್ಲ.

#10 ನೂಲೆಳೆ

ಸೀಟಿಗೆ ಪಾಲಿಯೆಸ್ಟರ್, ಅದು ಒಪ್ಪಿದೆ. ತೆಳು ಷರಟಿನ ಫ್ರಾಕಿಗೆ ಹತ್ತಿಯೇ ಅಂತ ನಿಲ್ತೀನಿ. ಓರೆಪಟ್ಟಿ ಒಳ್ಳೇ ಮಾತು. ಮಲ್ ಹೊಸದಾದರೆ ಮೊದಲು ನೆನೆಸಿ ಒಣಗಿಸಿ. ಹಳೇ ಷರಟು ಕುಗ್ಗೋದೆಲ್ಲ ಕುಗ್ಗಿ ಮುಗಿದಿರುತ್ತೆ, ಹೊಸ ಪಟ್ಟಿ ಕುಗ್ಗಿ ಇಡೀ ತಿರುವು ಸುರುಟಿಕೊಳ್ಳುತ್ತೆ. ಅಸ್ತರು, ಲೇಸು, ನಾಡಾ ಎಲ್ಲಕ್ಕೂ ಇದೇ.

#11 ಕಾಜಾಗುಂಡಿ

ಗುಂಡಿಪಟ್ಟಿ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ. ಷರಟಿನಲ್ಲಿ ಗುಂಡಿಗಳ ನಡುವೆ ಸುಮಾರು ಮೂರೂವರೆ ಇಂಚು ಅಂತರ. ದೊಡ್ಡವರ ಎದೆಗೆ ಸಾಕು. ಮಗುವಿನ ಒಂಬತ್ತೂವರೆ ಇಂಚಿನ ಬೆನ್ನಿಗೆ ಅದೇ ಅಂತರ ಇಟ್ಟರೆ ಬಗ್ಗಿದಾಗ ನಡುವೆ ಬಾಯಿ ಬಿಡುತ್ತೆ. ಆದ್ದರಿಂದ ಮೇಲ್ಭಾಗಕ್ಕೆ ಹಳೇ ಪಟ್ಟಿ ಬೇಡ, ಹೊಸ ಪಟ್ಟಿ ಮಡಿಸಿ ಎರಡೂವರೆ ಇಂಚಿಗೊಂದು ಕಾಜಾ ಹಾಕಿ. ಕೆಳಭಾಗದಲ್ಲಿ ಬರೋ ಹಳೇ ಗುಂಡಿಪಟ್ಟಿಯ ಮೇಲಿನ 3 ಇಂಚು ಬಿಟ್ಟು ಉಳಿದದ್ದನ್ನ ಅಂಚಿನ ಮೇಲೇ ಹೊಲಿದು ಮುಚ್ಚಿಬಿಡಿ. ಗುಂಡಿ ಅಲಂಕಾರಕ್ಕೆ ಇರಲಿ. ಮಗು ಬೆನ್ನು ಒರಗಿ ಕೂತಾಗ ಚುಚ್ಚುವ ಕಡೆ ಇದ್ದರೆ ತೆಗೆದುಬಿಡಿ.

ಕುತ್ತಿಗೆ ತೆರಪು (ಕುತ್ತಿಗೆಯಿಂದ ಕೆಳಕ್ಕೆ ಬಿಚ್ಚಿಕೊಳ್ಳೋ ಸೀಳು) ಎಷ್ಟು ಬೇಕು ಅನ್ನೋದು ಲೆಕ್ಕ, ಅಂದಾಜಲ್ಲ. 4 ವರ್ಷದ ಮಗುವಿನ ತಲೆಸುತ್ತು ಸುಮಾರು 20 ಇಂಚು. ಕೊರಳುಸುತ್ತು ಹೊಲಿದ ಮೇಲೆ 12 ಇದ್ದರೆ, ತೆರಪು ಉದ್ದ ಎಷ್ಟೋ ಅದರ ಎರಡರಷ್ಟು ಸುತ್ತಿಗೆ ಸೇರುತ್ತೆ. ನಾಲ್ಕೂವರೆ ಇಂಚು ತೆರಪು ಅಂದರೆ 12 + 9 = 21. ತಲೆ ಸಲೀಸಾಗಿ ಹೋಗುತ್ತೆ. ಮೂರೂವರೆ ಇಟ್ಟರೆ 19, ಪ್ರತಿ ಸಲವೂ ಕಿವಿ ಎಳೆದು ಅಳುತ್ತೆ, ಜೊತೆಗೆ ತೆರಪಿನ ತುದಿ ಹರಿಯುತ್ತೆ.

#12 ಚಿಂದಿಚೂರು

ತುಂಬಾ ಉಪಕಾರ ಆಯ್ತು. ಕಾಜಾ ಹಾಕೋ ಸೌಕರ್ಯ ಮಿಷನ್ನಿನಲ್ಲಿಲ್ಲ. ಕುತ್ತಿಗೆ ಹಿಂದೆ ಎರಡು ಲಾಡಿ ಕಟ್ಟಿದರೆ ಆಗಲ್ವಾ?

#13 ಹೊಲಿಗೆಪೆಟ್ಟಿಗೆ

ಕುತ್ತಿಗೆ ಹತ್ತಿರ ಲಾಡಿ ಬೇಡವೇ ಬೇಡ. ಜಾರುಬಂಡೆ, ಗೇಟು, ಬಾಗಿಲ ಹಿಡಿಗೆ ಸಿಕ್ಕಿಕೊಂಡರೆ ಕೊರಳು ಬಿಗಿಯುತ್ತೆ. ಮಕ್ಕಳ ಉಡುಪಿನ ಲಾಡಿಗಳ ಬಗ್ಗೆ ಯೂರೋಪಿನಲ್ಲಿ ಇಎನ್ 14682 ಅನ್ನೋ ಮಾನದಂಡವೇ ಇದೆ. 7 ವರ್ಷದೊಳಗಿನ ಮಕ್ಕಳ ಬಟ್ಟೆಯಲ್ಲಿ ಕುತ್ತಿಗೆ, ಟೋಪಿ ಭಾಗಕ್ಕೆ ಎಳೆದು ಕಟ್ಟೋ ಲಾಡಿ ಅದರ ಪ್ರಕಾರ ಇಡೋ ಹಾಗಿಲ್ಲ. ಮನೇಲಿ ಹೊಲಿಯೋರಿಗೂ ಅಪಾಯ ಅದೇ ಅಲ್ವಾ.

ಬದಲಿಗೆ ಪ್ರೆಸ್ ಗುಂಡಿ ಹಾಕಿ, ಅಥವಾ ಬಟ್ಟೆಯದ್ದೇ ಒಂದು ಕುಣಿಕೆ ಮತ್ತು ಒಂದು ಗುಂಡಿ. ಕುಣಿಕೆಗೆ ಒಂದು ಇಂಚಗಲದ ಓರೆಪಟ್ಟಿ, ಉದ್ದ 2 ಇಂಚು ಸಾಕು. ಗುಂಡಿ ಕೂರೋ ಕಡೆ ಹಿಂದೆ ಒಂದು ಚೂರು ಬಟ್ಟೆ ಇಟ್ಟು ಹೊಲೀರಿ, ಇಲ್ಲಾಂದ್ರೆ ಹಳೇ ಬಟ್ಟೆಯಿಂದ ಗುಂಡಿ ತೂತಿನ ಸಮೇತ ಕಿತ್ತು ಬರುತ್ತೆ. ಮನೇಲಿ 3 ವರ್ಷದೊಳಗಿನ ಮಗು ಇದ್ದರೆ ಆ ಮಗುವಿನ ಬಟ್ಟೆಗೆ ಗುಂಡಿಯೇ ಬೇಡ, ಬಾಯಿಗೆ ಹೋಗುತ್ತೆ.

#14 ಜಾಳಿಗೆ

ಟೀ ಷರಟಿಗೂ ಇದೇ ಕ್ರಮವಾ? ಹೊಲಿಗೆ ಹಾಕಿದ ಕಡೆ ಎಲ್ಲ ಅಲೆ ಬರುತ್ತೆ, ತೊಡಿಸುವಾಗ ಪಟಪಟ ಅಂತ ದಾರ ಕಿತ್ತುಹೋಗುತ್ತೆ.

#15 ಓರೆಪಟ್ಟಿ

ಟೀ ಷರಟು ನೇಯ್ದ ಬಟ್ಟೆಯಲ್ಲ, ಹೆಣೆದದ್ದು. ನೇಯ್ಗೆಯ ಬುದ್ಧಿ ಅಲ್ಲಿ ನಡೆಯಲ್ಲ.

ಮೊದಲು ಒಂದನ್ನ ಹತ್ತಿರದಿಂದ ನೋಡಿ. ಹಳೇ ಟೀ ಷರಟನ್ನ ಮೇಜಿನ ಮೇಲೆ ಹಾಸಿದರೆ ಪಕ್ಕದ ಹೊಲಿಗೆ ಕಂಕುಳಲ್ಲಿ ಪಕ್ಕದಲ್ಲೇ ಇರುತ್ತೆ, ಕೆಳಗೆ ಬರ್ತಾ ಬರ್ತಾ ಹೊಟ್ಟೆಯ ಕಡೆಗೆ ತಿರುಗಿರುತ್ತೆ. ಒಂದೇ ಪದರದ ಹೆಣಿಗೆ ಒಗೆದಂತೆಲ್ಲ ತಿರುಚಿಕೊಳ್ಳೋದು ಅದರ ಗುಣ. ಆ ಹೊಲಿಗೆಗೆ ಸರಿಯಾಗಿ ಮಡಿಸಿ ಕತ್ತರಿಸಿದರೆ ಮಗುವಿನ ಅಂಗಿಯೂ ತಿರುಚಿಕೊಂಡೇ ಇರುತ್ತೆ. ಹೊಲಿಗೆ ಮರೆತುಬಿಡಿ. ಬಟ್ಟೆ ಮೇಲ್ಮೈಯಲ್ಲಿ ಉದ್ದಕ್ಕೆ ಸಣ್ಣ ಜಡೆಯ ಸಾಲು ಕಾಣುತ್ತೆ, ಒಂದು ಸಾಲು ಹಿಡಿದು ಅದರ ಗುಂಟ ಮಡಿಸಿ, ನಕ್ಷೆಯ ನಡುಗೆರೆ ಅದರ ಮೇಲಿಡಿ. ಜಾಸ್ತಿ ಹಿಗ್ಗೋ ದಿಕ್ಕು ಮೈಸುತ್ತ ಬರಬೇಕು.

ಸೂಜಿ ಬಾಲ್‌ಪಾಯಿಂಟ್ (ತುದಿ ದುಂಡಗಿರೋದು) 11. ಮಾಮೂಲಿ ಚೂಪು ಸೂಜಿ ಕುಣಿಕೆಯನ್ನ ಕತ್ತರಿಸಿ ಸಣ್ಣ ತೂತು ಮಾಡುತ್ತೆ, ಒಗೆದ ಮೇಲೆ ಅದು ದೊಡ್ಡದಾಗುತ್ತೆ. ಹೊಲಿಗೆ ಸಣ್ಣ ಜಿಗ್‌ಜಾಗ್, ಅಗಲ ಅರ್ಧದಿಂದ ಒಂದು ಮಿ.ಮೀ., ಉದ್ದ ಎರಡೂವರೆ. ದಾರ ಕಿತ್ತುಹೋಗೋದು ನೇರ ಹೊಲಿಗೆ ಹಿಗ್ಗದೇ ಇರೋದಕ್ಕೆ. ನೇರ ಹೊಲಿಗೆ ಮಾತ್ರ ಇರೋ ಮಿಷನ್ನಾದರೆ ಹೊಲಿಯುವಾಗ ಬಟ್ಟೆಯನ್ನ ಹಿಂದೆ ಮುಂದೆ ಎರಡೂ ಕೈಯಲ್ಲಿ ಸ್ವಲ್ಪವೇ ಬಿಗಿ ಹಿಡೀರಿ, ಉದ್ದ 2 ಮಿ.ಮೀ. ಇಡಿ. ಅಲೆ ಬರೋದು ಒತ್ತುಪಾದದ (ಸೂಜಿಯ ಹತ್ತಿರ ಬಟ್ಟೆಯನ್ನ ಒತ್ತಿ ಹಿಡಿಯೋ ಪಾದ) ಒತ್ತಡ ಜಾಸ್ತಿಯಾಗಿ. ಮೇಲಿನ ತಿರುಪು ಸಡಿಲ ಮಾಡಿ, ಅಥವಾ ಕೆಳಗೆ ತೆಳು ಕಾಗದದ ಪಟ್ಟಿ ಇಟ್ಟು ಹೊಲಿದು ಹರಿದು ತೆಗೀರಿ.

ಕೆಳಮಡಿಕೆ ಹೊಲಿಯೋದೇ ಕಷ್ಟ, ಅದನ್ನ ಹೊಲಿಯಬೇಡಿ. ಟೀ ಷರಟಿನ ಹಳೇ ಕೆಳಮಡಿಕೆಯ ಮೇಲೇ ನಕ್ಷೆಯ ಕೆಳಗೆರೆ ಇಟ್ಟು ಕತ್ತರಿಸಿ. ತೋಳಿಗೂ ಹಾಗೇ. ಕೊರಳಿಗೆ ಮಾತ್ರ ಪಟ್ಟಿ ಬೇಕು. ಕೊರಳ ಸುತ್ತು ಅಳೆದು ಅದರ ನೂರಕ್ಕೆ 85ರಷ್ಟು ಉದ್ದ, ಹೊಲಿಗೆಗೆ ಅರ್ಧ ಇಂಚು ಸೇರಿಸಿ, ಅಗಲ ಒಂದೂವರೆ. ನಾಲ್ಕು ಭಾಗ ಗುರುತು ಮಾಡಿ ಪಟ್ಟಿಯನ್ನ ಹಿಗ್ಗಿಸ್ತಾ ಕೂರಿಸಿ, ಅಂಗಿಯನ್ನ ಹಿಗ್ಗಿಸಬೇಡಿ.

#16 ಯೋಕ್‌ಪಟ್ಟಿ

85 ಅನ್ನೋದು ಒಳ್ಳೇ ಹಿಗ್ಗೋ ಬಟ್ಟೆಗೆ. ಟೀ ಷರಟಿನದೇ ಹಳೇ ಬಟ್ಟೆ ಹಿಗ್ಗು ಕಳೆದುಕೊಂಡಿರುತ್ತೆ, 90 ಇಡಿ. ಹೊಲಿಯೋ ಮೊದಲು ಪಟ್ಟಿಯನ್ನ ಕೈಯಲ್ಲಿ ಎಳೆದು ಟೇಪಿಗೆ ಹಿಡಿದರೆ ತಲೆಸುತ್ತು 20 ದಾಟಬೇಕು. ದಾಟದಿದ್ದರೆ ಭುಜದಲ್ಲಿ ತೆರಪು ಕೊಡಿ.

#17 ಜಾಳಿಗೆ

ತಿರುಚಿಕೊಂಡದ್ದು ಹೊಲಿಗೆಯ ತಪ್ಪು ಅಂತಲೇ ಅಂದುಕೊಂಡಿದ್ದು. ಜಡೆಯ ಸಾಲು ಈಗ ಕಾಣ್ತಿದೆ!

#18 ಬಾಬಿನ್‌ಬುಟ್ಟಿ

ಷರಟಿನ ತೋಳಲ್ಲಿ 2 ವರ್ಷದ ಮಗುವಿಗೆ ಪೈಜಾಮವೂ ಆಗುತ್ತೆ, ಒಂದೊಂದು ತೋಳು ಒಂದೊಂದು ಕಾಲು. ಕೈಪಟ್ಟಿ ತೆಗೆದು ಅಲ್ಲಿ ಮಡಿಸಿ. ಒಂದು ಎಚ್ಚರಿಕೆ: ದೊಡ್ಡವರ ಮೊಣಕೈ ಸರಿಯಾಗಿ ಮಗುವಿನ ಮೊಣಕಾಲಿಗೆ ಬಂದು ಕೂರುತ್ತೆ. ಸವೆದ ಕಡೆಯೇ ಮತ್ತೆ ನೆಲಕ್ಕೆ ಉಜ್ಜಿದರೆ ಒಂದು ತಿಂಗಳೂ ಬಾಳಲ್ಲ. ಮೊಣಕೈ ಸವೆತ ತೋಳಿನ ಹಿಂಬದಿಯಲ್ಲಿರುತ್ತೆ. ತೋಳು ತಿರುಗಿಸಿ ಆ ಬದಿ ಮಗುವಿನ ಕಾಲಿನ ಹಿಂದೆ ಬರೋ ಹಾಗೆ ಇಡಿ.

ಎಲ್ಲರೂ ಮಾಡೋ ತಪ್ಪು ಇನ್ನೊಂದಿದೆ. ಮುಂದೂ ಹಿಂದೂ ಒಂದೇ ಅಳತೆಗೆ ಕತ್ತರಿಸ್ತಾರೆ. ಹಿಂದಿನ ತುಂಡು ಸೊಂಟದ ನಡುವೆ ಒಂದರಿಂದ ಒಂದೂವರೆ ಇಂಚು ಎತ್ತರ ಇರಬೇಕು, ತೊಡೆಸಂದಿನ ಮೂತಿಯೂ ಮುಂದಿನದಕ್ಕಿಂತ ಉದ್ದ ಇರಬೇಕು. ಇಲ್ಲದಿದ್ದರೆ ಮಗು ಕೂತ ಕೂಡಲೇ ಹಿಂದೆ ಜಾರುತ್ತೆ. ಡೈಪರ್ ಹಾಕೋ ಮಗುವಾದರೆ ಇನ್ನೂ ಒಂದು ಇಂಚು ಸೇರಿಸಿ.

ಸೊಂಟಕ್ಕೆ ಮುಕ್ಕಾಲು ಇಂಚಿನ ಹೊಸ ಇಲಾಸ್ಟಿಕ್, ಅದು ಓಡೋ ಸುರಂಗ ಒಂದು ಇಂಚು. ಸುರಂಗ ಬಿಗಿಯಾದರೆ ಇಲಾಸ್ಟಿಕ್ ಸುರುಳಿ ಸುತ್ತುತ್ತೆ, ಸಡಿಲಾದರೆ ಮಗುಚುತ್ತೆ. ಉದ್ದ ಸೊಂಟಸುತ್ತಿಗಿಂತ 1 ಇಂಚು ಕಡಿಮೆ, ತುದಿಗಳು ಒಂದರ ಮೇಲೊಂದು ಅರ್ಧ ಇಂಚು ಬರೋದನ್ನ ಬೇರೆ ಸೇರಿಸಿ. ಹಳೇ ಇಲಾಸ್ಟಿಕ್ ಬಿಚ್ಚಿ ಮತ್ತೆ ಹಾಕಬೇಡಿ, ಎಳೆದರೆ ಒಳಗೆ ರಬ್ಬರು ಕರಕರ ಅನ್ನುತ್ತೆ, ಅದು ಸತ್ತುಹೋಗಿದೆ.

#19 ನೆರಿಗೆ

ಫ್ರಾಕಿನ ಕೆಳಮಡಿಕೆ ಒಂದೂವರೆ ಯಾಕೆ? 3 ಇಂಚು ಬಿಟ್ಟರೆ ಮಗು ಬೆಳೆದ ಹಾಗೆ ಇಳಿಸಬಹುದಲ್ಲ.

#20 ಕತ್ತರಿಟೇಪು

ಹೊಸ ಬಟ್ಟೆಯಲ್ಲಿ ಇಳಿಸಬಹುದು. ಹಳೇ ಬಟ್ಟೆ ಬಣ್ಣ ಇನ್ನೂ ಇಳೀತಾ ಇರುತ್ತೆ, ವರ್ಷ ಕಳೆದು ಬಿಚ್ಚಿದರೆ ಮಡಿಕೆ ಗೆರೆ ಬಿಳಿಯಾಗಿ, ಒಳಗಿನದ್ದು ಗಾಢವಾಗಿ ಕಾಣುತ್ತೆ.

#21 ನೆರಿಗೆ

ಕಾಣಲಿ, ಆ ಗೆರೆ ಮೇಲೆ ಲೇಸೋ ನಾಡಾವೋ ಹೊಲಿದರೆ ಮುಚ್ಚುತ್ತೆ. ಒಂದು ಫ್ರಾಕು ಒಂದು ವರ್ಷ ಹೆಚ್ಚು ಬರುತ್ತೆ ಅಂದರೆ ಅಷ್ಟು ಕೆಲಸ ಹೆಚ್ಚಲ್ಲ. ಅಥವಾ ಕೆಳಅಂಚಿನ ಮೇಲೆ ಅರ್ಧ ಇಂಚಿನ ಎರಡು ಮಡಿಕೆ ಉದ್ದ ಹೊಲಿಗೆಯಲ್ಲಿ ಹಾಕಿಡಿ, ಅಲಂಕಾರವೂ ಆಯ್ತು. ಎರಡೂ ಬಿಚ್ಚಿದರೆ 2 ಇಂಚು ಉದ್ದ ಬರುತ್ತೆ, ಒಂದೊಂದು ಮಡಿಕೆ ಒಂದೊಂದು ಇಂಚು ನುಂಗಿರುತ್ತೆ.

#22 ಯೋಕ್‌ಪಟ್ಟಿ

ಚಿಂದಿಚೂರು ಅವರ ಷರಟಿನಲ್ಲಿ ಮಡಿಕೆಗೆ ಬಟ್ಟೆ ಇಲ್ಲ. ಕಂಕುಳ ಕೆಳಗೆ ಉಳಿದಿರೋದೇ 2 ಇಂಚು, ಲೆಕ್ಕ ಮೇಲಿದೆ. ಆ 2 ಇಂಚನ್ನ ಬೇಕಾದರೆ ಕೊಡಬಹುದು, ಆದರೆ ಅದು ಕಂಕುಳ ಪಕ್ಕದ ಸವೆದ ಬಟ್ಟೆ.

#23 ನೂಲೆಳೆ

ಹಾಗೂ ನೆರಿಗೆ ಹಿಡಿಯೋ ಅಂಚು ಅದೇ ಆಗುತ್ತೆ. ಸವೆದ ಕಡೆ ನೆರಿಗೆ ದಾರ ಎಳೆದರೆ ಅಲ್ಲೇ ಕಿತ್ತುಕೊಳ್ಳುತ್ತೆ. ನೆರಿಗೆಗೆ ಎರಡು ಸಾಲು, 4 ಮಿ.ಮೀ. ಹೊಲಿಗೆ, ಒಂದು ಅಂಚಿನಿಂದ ಕಾಲು ಇಂಚಿಗೆ, ಇನ್ನೊಂದು ಅದರ ಕೆಳಗೆ ಸ್ವಲ್ಪ. ಎರಡೂ ಸಾಲಿನ ಬಾಬಿನ್ ದಾರ (ಕೆಳಗಿನ ದಾರ) ಒಟ್ಟಿಗೆ ಹಿಡಿದು ನಿಧಾನ ಎಳೀರಿ. 44 ಇಂಚನ್ನ ಒಂದೇ ಎಳೆತಕ್ಕೆ ಹಿಡಿಯಬೇಡಿ, ಪಕ್ಕದ ಹೊಲಿಗೆಯಲ್ಲಿ ನಿಲ್ಲಿಸಿ ಭಾಗ ಮಾಡಿಕೊಳ್ಳಿ.

#24 ಹೊಲಿಗೆಪೆಟ್ಟಿಗೆ

ಸ್ವಲ್ಪ ಪಕ್ಕದ ಮಾತು. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಬಟ್ಟೆಗೂ ಪಡಿತರ ಬಂತು, 1941ರ ಜೂನ್‌ನಿಂದ 1949ರ ಮಾರ್ಚ್‌ವರೆಗೆ. ಮಕ್ಕಳು ಬೆಳೀತಾರೆ, ಕೂಪನ್ ಬೆಳೆಯಲ್ಲ. ದೊಡ್ಡವರ ಬಟ್ಟೆ ಬಿಚ್ಚಿ ಮಕ್ಕಳಿಗೆ ಹೊಲಿಯೋದು ಆಗ ಮನೆಮನೆಯ ಕೆಲಸ. ಆ ಕಾಲದಲ್ಲಿ ಚೆನ್ನಾಗಿ ನಡೆದ ಉಪಾಯ ಅಂದರೆ ಬಟ್ಟೆ ಮಗುಚಿ ಹೊಲಿಯೋದು: ಬಣ್ಣ ಇಳಿದ ಹೊರಮೈ ಒಳಗೆ, ಹೊಸದರ ಹಾಗಿರೋ ಒಳಮೈ ಹೊರಗೆ. ಎರಡೂ ಮೈ ಒಂದೇ ಥರ ಇರೋ ನೇಯ್ಗೆಗೆ, ನೂಲಿಗೇ ಬಣ್ಣ ಹಾಕಿ ನೇಯ್ದ ಪಟ್ಟೆ, ಚೌಕಳಿಗೆ ಇವತ್ತಿಗೂ ಒಪ್ಪುತ್ತೆ. ಅಚ್ಚು ಹಾಕಿದ ಬಟ್ಟೆಗೆ ಆಗಲ್ಲ. ಮಗುಚಿದಾಗ ಎಡ ಬಲ ಅದಲುಬದಲಾಗುತ್ತೆ, ಜೇಬಿನ ತೂತು, ಕಾಜಾ ಎಲ್ಲ ಆ ಕಡೆಗೆ ಹೋಗುತ್ತೆ. ಕತ್ತರಿಸೋ ಮೊದಲೇ ನೆನಪಿಡಿ.

#25 ಕಾಜಾಗುಂಡಿ

ಜೀನ್ಸಿಗೆ ಮಗುಚೋದು ಬೇಡ. ಒಳಮೈ ಬಿಳಿ. ಜೀನ್ಸಿನಲ್ಲಿ ಮೊಣಕಾಲಿನ ಕೆಳಗಿನ ಬಟ್ಟೆ ಮಾತ್ರ ನಂಬಿ, ಸೀಟು, ತೊಡೆಯ ಒಳಭಾಗ ಬಿಡಿ. 16ರ ಸೂಜಿ, 3 ಮಿ.ಮೀ. ಹೊಲಿಗೆ. ದಪ್ಪ ಹೊಲಿಗೆ ಹತ್ತುವಾಗ ಒತ್ತುಪಾದದ ಹಿಂಭಾಗಕ್ಕೆ ಮಡಿಸಿದ ರಟ್ಟು ಇಟ್ಟು ಸಮ ಮಾಡಿ, ಸೂಜಿ ಮುರಿಯಲ್ಲ.

#26 ಮಡಿಕೆ

ಹತ್ತಿ ಸೀರೆಯೇ ಎಲ್ಲಕ್ಕಿಂತ ಸುಲಭ, ಐದೂವರೆ ಮೀಟರ್ ಒಂದೇ ತುಂಡು. ಎಳೆಮಗುವಿನ ಜಬಲಕ್ಕೆ ಅದರಷ್ಟು ಮೆದು ಬೇರೆ ಇಲ್ಲ. ಹೊಲಿಗೆ ಹೊರಮೈಗೆ ಬರೋ ಹಾಗೆ ಹೊಲಿದರೆ ಚರ್ಮಕ್ಕೆ ಉಜ್ಜಲ್ಲ. ಹಳೇ ರೇಷ್ಮೆ ಮಾತ್ರ ಮಡಿಕೆ ಗೆರೆಯಲ್ಲಿ ಸೀಳುತ್ತೆ, ಜರಿ ಕೆರೆಯುತ್ತೆ. ಪೂರ್ತಿ ಅಸ್ತರು ಇಲ್ಲದೆ ಮಕ್ಕಳಿಗೆ ಬೇಡ.

#27 ಚಿಂದಿಚೂರು

ಕಿಟಕಿಗೆ ಹಿಡಿದು ನೋಡಿದ್ದಾಯ್ತು. ಎರಡೂ ಕಂಕುಳಲ್ಲಿ ಅಂಗೈ ಅಗಲ ಬೆಳಕು ಬರುತ್ತೆ, ಬಲ ಮೊಣಕೈ ಎಡದ್ದಕ್ಕಿಂತ ಜಾಳು. ತೋಳಿನ ಮೇಲ್ಭಾಗದ ನಡುವೆ ಗಟ್ಟಿ ಇದೆ, ಹಾಗಾಗಿ ಮೇಲ್ಭಾಗ ತೋಳಲ್ಲೇ. ಕೊನೇದೊಂದು: ಎದೆಯ ಜೇಬು ಬಿಚ್ಚಿದರೆ ಕೆಳಗೆ ಗಾಢ ಚೌಕ ಉಳಿಯುತ್ತೆ. ಆ ಭಾಗ ಫ್ರಾಕಿಗೆ ಬರಲ್ಲ, ಆದರೆ ಜೇಬು ಮಗುವಿಗೆ ಬೇಕಂತೆ.

#28 ಯೋಕ್‌ಪಟ್ಟಿ

ಜೇಬನ್ನ ಬಿಚ್ಚಬೇಡಿ. ಅದರ ಸುತ್ತ ಅರ್ಧ ಇಂಚು ಬಿಟ್ಟು ಹಿಂದಿನ ಬಟ್ಟೆ ಸಮೇತ ಕತ್ತರಿಸಿ, ಆ ಅರ್ಧ ಇಂಚನ್ನ ಹಿಂದಕ್ಕೆ ಮಡಿಸಿ ಇಸ್ತ್ರಿ ಒತ್ತಿ ಫ್ರಾಕಿನ ಮೇಲೆ ಕೂರಿಸಿ. ಎರಡು ಪದರ ಇರೋದರಿಂದ ಕಲ್ಲು ತುಂಬಿದರೂ ತಡೆಯುತ್ತೆ. ಮೇಲಿನ ಎರಡೂ ಮೂಲೆಯಲ್ಲಿ ಸಣ್ಣ ತ್ರಿಕೋನ ಹೊಲಿಗೆ ಹಾಕಿ. ದೊಡ್ಡವರ ಜೇಬು ಐದು ಇಂಚು ಆಳ ಇರುತ್ತೆ, ಮಗುವಿನ ಕೈ ಅಷ್ಟು ಹೋಗಲ್ಲ, ಕೆಳಗಿಂದ ಒಂದೂವರೆ ಇಂಚು ಮೇಲೆ ಒಂದು ಅಡ್ಡ ಹೊಲಿಗೆ ಎಳೆದುಬಿಡಿ.